ನಾಬ್ ಎಳೆದರೆ ದನಿ ದಪ್ಪ

ಗಣೇಶನ ಹಬ್ಬ ಬಂತೆಂದರೆ ನಮ್ಮ ಆರ್ಕೆಸ್ಟ್ರಾದವರಿಗೆ ರಾತ್ರಿ ನಿದ್ದೆಯಿಲ್ಲ. ಬೀದಿಗೊಂದು ಪೆಂಡಾಲು, ಪೆಂಡಾಲಿಗೊಂದು ರಸಮಂಜರಿ. ಅಂಥ ಒಂದು ಕಾರ್ಯಕ್ರಮದ ಮರುದಿನ ಯಾರೋ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ ನೋಡಿದೆ. ಢೋಲಕ್ ಇದೆ, ಪ್ಯಾಡ್ ಇದೆ, ಕೀಬೋರ್ಡಿನವರ ಎಡಗೈ ಕೂಡ ಕೇಳುತ್ತದೆ. ನನ್ನ ಬೇಸ್ ಗಿಟಾರ್ ಮಾತ್ರ ಎಲ್ಲಿಯೂ ಇಲ್ಲ. ಮೈಕ್ ಸೆಟ್ಟಿನ ಹುಡುಗ ಹಿಂದಿನ ರಾತ್ರಿಯೇ ಕೇಳಿದ್ದ: "ಅಣ್ಣ, ನಿಮ್ಮ ಕೇಬಲ್ ಕಳಚಿಕೊಂಡಿದೆಯೇ?" ಆಗ ಅವನ ಮೇಲೆ ರೇಗಿದ್ದೆ. ವಿಡಿಯೊ ನೋಡಿದ ಮೇಲೆ ರೇಗುವುದಕ್ಕೆ ಮುಖವಿರಲಿಲ್ಲ.

ನನ್ನದು ಜಾಝ್ ಬೇಸ್ ಮಾದರಿಯ ನಕಲು ವಾದ್ಯ. ಫೆಂಡರ್ ಕಂಪನಿ 1960ರಲ್ಲಿ ತಂದ ಆ ವಿನ್ಯಾಸದಲ್ಲಿ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗಳಿವೆ, ಒಂದು ಕುತ್ತಿಗೆಯ ಕಡೆ, ಇನ್ನೊಂದು ತಂತಿಗಳು ಬುಡದಲ್ಲಿ ಕೂರುವ ಬ್ರಿಡ್ಜ್ ಕಡೆ. ನನ್ನದರಲ್ಲಿ ಎರಡಕ್ಕೂ ಬೇರೆ ಬೇರೆ ವಾಲ್ಯೂಮ್, ಎರಡಕ್ಕೂ ಸೇರಿ ಒಂದು ಟೋನ್. ಎರಡೂ ವಾಲ್ಯೂಮ್ ಪೂರ್ತಿ ತೆರೆದರೆ ಗುಂಯ್‌ಗುಡುವ ಸದ್ದು ಅಡಗುತ್ತದೆ, ಏಕೆಂದರೆ ಒಂದರ ಸುತ್ತು ಮತ್ತು ಅಯಸ್ಕಾಂತ ಎರಡೂ ಇನ್ನೊಂದಕ್ಕೆ ತಿರುಗುಮುರುಗು. ಆದರೆ ಆಗ ದನಿಯ ನಡುಭಾಗವೇ ಟೊಳ್ಳಾಗುತ್ತದೆ. ಒಂದೇ ತಂತಿಯನ್ನು ಎರಡು ಜಾಗದಲ್ಲಿ ಕೇಳಿಸಿಕೊಂಡಾಗ ಕೆಲವು ಸ್ವರಾಂಶಗಳು ಪರಸ್ಪರ ಕಳೆದುಹೋಗುತ್ತವೆ. ಮನೆಯಲ್ಲಿ ಒಬ್ಬನೇ ನುಡಿಸುವಾಗ ಅದು ಬಲು ಸೊಗಸು. ಢೋಲಕ್ಕಿನ ಪಕ್ಕ ನಿಂತರೆ ಆ ಸೊಗಸಿಗೆ ಕಾಸಿನ ಬೆಲೆಯಿಲ್ಲ. ಕುತ್ತಿಗೆಯ ಪಿಕಪ್ ಒಂದನ್ನೇ ಬಳಸೋಣವೆಂದರೆ ದನಿ ತುಂಬಿಕೊಳ್ಳುತ್ತದೆ, ಜೊತೆಗೆ ವೇದಿಕೆಯ ಬಣ್ಣದ ದೀಪಗಳ ಡಿಮ್ಮರ್ ಕೂಡ ನನ್ನ ಆಂಪ್ಲಿಫಯರಿನಲ್ಲಿ ಹಾಡತೊಡಗುತ್ತದೆ.

ಹೊಸ ವಾದ್ಯ ಕೊಳ್ಳುವ ಶಕ್ತಿಯಿರಲಿಲ್ಲ. ಇದ್ದ ಪಿಕಪ್‌ಗಳನ್ನೇ ಬೇರೆ ರೀತಿ ಜೋಡಿಸಿ ನೋಡೋಣ ಎಂದುಕೊಂಡೆ. ಟಾರ್ಚಿನ ಸೆಲ್ ನೆನಪಿಸಿಕೊಂಡರೆ ವಿಷಯ ತಿಳಿಯುತ್ತದೆ: ಅಕ್ಕಪಕ್ಕ ಜೋಡಿಸಿದರೆ ಪ್ಯಾರಲಲ್, ಒಂದರ ಬೆನ್ನಿಗೊಂದು ಇಟ್ಟರೆ ಸೀರೀಸ್. ಜಾಝ್ ಬೇಸಿನಲ್ಲಿ ಪಿಕಪ್‌ಗಳು ಪ್ಯಾರಲಲ್. ಸೀರೀಸ್ ಮಾಡಿದರೆ ಎರಡರ ವೋಲ್ಟೇಜೂ ಕೂಡಿಕೊಳ್ಳುತ್ತದೆ, ಇಂಡಕ್ಟೆನ್ಸ್ (ಪ್ರವಾಹದ ಏರಿಳಿತವನ್ನು ಸುರುಳಿ ತಡೆಯುವ ಗುಣ) ಪ್ಯಾರಲಲ್‌ಗಿಂತ ಸುಮಾರು ನಾಲ್ಕರಷ್ಟಾಗುತ್ತದೆ. ಕೇಬಲ್ ಅದೇ ಇರುವಾಗ ಪಿಕಪ್‌ನ ಅನುರಣನದ ಆವರ್ತನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಿವಿಗೆ ಅದರ ಅರ್ಥ ಇಷ್ಟೆ: ಮೇಲಿನ ಕಿಣಿಕಿಣಿ ಕಡಿಮೆ, ನಡುವಿನ ತೂಕ ಜಾಸ್ತಿ. ಇದೇನೂ ನನ್ನ ಆವಿಷ್ಕಾರವಲ್ಲ. ಅದೇ ಕಂಪನಿಯ ಇನ್ನೊಂದು ಮಾದರಿಯಾದ ಪ್ರಿಸಿಷನ್ ಬೇಸಿಗೆ 1957ರಿಂದ ಬಂದ ಎರಡು ತುಂಡಿನ ಪಿಕಪ್‌ನಲ್ಲಿ ತುಂಡುಗಳು ಸೀರೀಸ್‌ನಲ್ಲೇ ಇವೆ. ಫೆಂಡರ್‌ನವರೇ ಮುಂದೆ ಕೆಲವು ಜಾಝ್ ಬೇಸ್‌ಗಳಿಗೆ ಇಂಥದೇ ಸ್ವಿಚ್ ಕೊಟ್ಟರು.

ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ 250 ಕಿಲೊಓಮ್‌ನ ಪುಷ್-ಪುಲ್ ಪಾಟ್ ಹುಡುಕಿ ತಂದೆ. ತಿರುಗಿಸಿದರೆ ಪಾಟ್ (ರೋಧವನ್ನು ಏರಿಳಿಸುವ ಭಾಗ, ನಾಬ್ ಕೂರುವುದು ಇದರ ದಂಡಿನ ಮೇಲೆ), ಎಳೆದರೆ ಸ್ವಿಚ್. ಅದನ್ನು ಟೋನ್ ಪಾಟ್‌ನ ಜಾಗಕ್ಕೆ ಹಾಕುವುದೆಂದು ತೀರ್ಮಾನಿಸಿದೆ. ಹಾಗೆ ಮಾಡಿದರೆ ವಾದ್ಯದ ಮೈಗೆ ಹೊಸ ತೂತು ಕೊರೆಯಬೇಕಿಲ್ಲ, ನಾಳೆ ಬೇಡವೆನಿಸಿದರೆ ಹಳೆಯದನ್ನೇ ಕೂರಿಸಬಹುದು.

ಸ್ವಿಚ್ಚಿಗೆ ಆರು ಕಾಲು, ಎರಡು ಸಾಲು. ಕುತ್ತಿಗೆ ಪಿಕಪ್‌ನ ಕಪ್ಪು ತಂತಿಯನ್ನು ಗ್ರೌಂಡಿನಿಂದ, ಅಂದರೆ ವಿದ್ಯುತ್ ಮರಳುವ ಸಾಮಾನ್ಯ ದಾರಿಯಿಂದ, ಬಿಡಿಸಿ ಒಂದು ಸಾಲಿನ ನಡುಗಾಲಿಗೆ ಕೊಟ್ಟೆ. ಬ್ರಿಡ್ಜ್ ಪಿಕಪ್‌ನ ಬಿಳಿ ತಂತಿಯನ್ನು ಅದರ ವಾಲ್ಯೂಮ್ ಪಾಟ್‌ನಿಂದ ಬಿಡಿಸಿ ಇನ್ನೊಂದು ಸಾಲಿನ ನಡುಗಾಲಿಗೆ. ನಾಬ್ ಒತ್ತಿದ್ದಾಗ ಮೊದಲನೆಯದು ಗ್ರೌಂಡಿಗೂ ಎರಡನೆಯದು ತನ್ನ ವಾಲ್ಯೂಮಿಗೂ ಸೇರಬೇಕು, ಅಂದರೆ ಎಲ್ಲವೂ ಮೊದಲಿದ್ದಂತೆ. ಎಳೆದಾಗ ಇವೆರಡೂ ಒಂದಕ್ಕೊಂದು ಸೇರಬೇಕು. ಅದಕ್ಕೆ ಆ ಕಡೆಯ ಎರಡು ಕಾಲುಗಳ ನಡುವೆ ಒಂದು ತುಂಡು ತಂತಿ ಬೆಸೆದರೆ ಆಯಿತು. ಯಾವ ಕಾಲು ಒತ್ತಿದಾಗಿನದು, ಯಾವುದು ಎಳೆದಾಗಿನದು ಎಂಬುದನ್ನು ಕಣ್ಣಂದಾಜಿನಲ್ಲಿ ನಿರ್ಧರಿಸಬೇಡಿ. ಮಲ್ಟಿಮೀಟರ್ ಬೀಪ್‌ಗಿಟ್ಟು ಎರಡು ಸಲ ಪರೀಕ್ಷಿಸಿದೆ. ಮೊದಲ ಸಲದ ನನ್ನ ಊಹೆ ಉಲ್ಟಾ ಆಗಿತ್ತು.

ಬೆಸುಗೆಯಲ್ಲಿ ಕಾಡಿದ್ದು ಗ್ರೌಂಡಿನ ತಂತಿಗಳು ಸೇರುವ ಪಾಟ್‌ನ ಬೆನ್ನು. ನನ್ನ 25 ವಾಟ್ ಸೋಲ್ಡರಿಂಗ್ ಐರನ್ನಿನ ಬಿಸಿಯನ್ನೆಲ್ಲ ಆ ತಗಡು ನುಂಗಿಬಿಡುತ್ತಿತ್ತು, ಬೆಸುಗೆ ಮಣಿಯಂತೆ ಉರುಳಿಹೋಗುತ್ತಿತ್ತು. ಮರಳು ಕಾಗದದಿಂದ ಬೆನ್ನನ್ನು ಉಜ್ಜಿ, ರೇಡಿಯೊ ರಿಪೇರಿಯ ಗೆಳೆಯರೊಬ್ಬರಿಂದ 60 ವಾಟಿನದನ್ನು ತಂದ ಮೇಲೆ ಎರಡು ಸೆಕೆಂಡಿನಲ್ಲಿ ಹಿಡಿಯಿತು. ಇನ್ನೊಂದು ಕಿರಿಕಿರಿಯನ್ನು ಯಾರೂ ಹೇಳಿರಲಿಲ್ಲ: ಹೊಸ ಪಾಟ್‌ನ ದಂಡು 6 ಮಿಲಿಮೀಟರ್, ನನ್ನ ನಾಬ್‌ನ ತೂತು ಕಾಲು ಇಂಚು. ಸ್ಕ್ರೂ ಬಿಗಿದರೂ ಓಲಾಡುತ್ತಿತ್ತು. ಮದುವೆ ಕರೆಯೋಲೆಯ ಗಟ್ಟಿ ಕಾಗದದ ಪಟ್ಟಿಯೊಂದನ್ನು ದಂಡಿಗೆ ಸುತ್ತಿ ಕೂರಿಸಿದೆ. ಇಂದಿಗೂ ಅದೇ ಇದೆ.

ಎಲ್ಲ ಮುಗಿದ ಮೇಲೆ ಜ್ಯಾಕಿಗೆ ಕೇಬಲ್ ಚುಚ್ಚಿ, ಎರಡೂ ವಾಲ್ಯೂಮ್ ಪೂರ್ತಿ ತೆರೆದು, ಇನ್ನೊಂದು ತುದಿಯಲ್ಲಿ ಮೀಟರ್ ಹಿಡಿದೆ. ನನ್ನ ಪಿಕಪ್‌ಗಳು ಬಿಡಿಯಾಗಿ 7.3 ಮತ್ತು 7.6 ಕಿಲೊಓಮ್. ನಾಬ್ ಒತ್ತಿದ್ದಾಗ 3.6 ತೋರಿಸಿತು, ಸರಿ. ಎಳೆದಾಗ 14.9 ಬರಬೇಕಲ್ಲ, ಬಂದದ್ದು 13.3. ಬೆಸುಗೆ ಎಲ್ಲೋ ಕೆಟ್ಟಿದೆ ಎಂದು ಅರ್ಧ ಗಂಟೆ ತಡಕಾಡಿದೆ. ಕೊನೆಗೆ ಹೊಳೆಯಿತು: ಎರಡು ವಾಲ್ಯೂಮ್ ಪಾಟ್‌ಗಳು ಜ್ಯಾಕಿಗೂ ಗ್ರೌಂಡಿಗೂ ನಡುವೆ ಸದಾ ಇದ್ದೇ ಇರುತ್ತವೆ, ಎರಡೂ ಸೇರಿ 125 ಕಿಲೊಓಮ್. ಆ ಲೆಕ್ಕ ಹಾಕಿದರೆ 13.3 ಎಂಬುದೇ ಸರಿಯಾದ ಉತ್ತರ.

ಮೀಟರ್ ಒಪ್ಪಿತು, ಕಿವಿ ಒಪ್ಪಲಿಲ್ಲ. ನಾಬ್ ಎಳೆದು ಎಂದಿನಂತೆ ಹೆಬ್ಬೆರಳನ್ನು ಕುತ್ತಿಗೆ ಪಿಕಪ್‌ನ ಮೇಲೆ ಊರಿದೊಡನೆ ಗುಂಯ್ ಎಂಬ ಸದ್ದು ಏರಿತು. ಬೆರಳೆತ್ತಿದರೆ ಇಳಿಯಿತು. ಸೀರೀಸ್‌ನಲ್ಲಿ ಆ ಸದ್ದು ಇರಲೇಬಾರದು. ಪಿಕಪ್‌ನ ಮುಚ್ಚಳ ತೆಗೆದು ನೋಡಿದರೆ, ಸುರುಳಿಯ ಸುತ್ತ ರಕ್ಷಣೆಗೆಂದು ಸುತ್ತಿದ ತಾಮ್ರದ ಹಾಳೆಯನ್ನು ಪಿಕಪ್‌ನ ಕಪ್ಪು ತಂತಿಗೇ ಬೆಸೆದಿದ್ದರು. ಪ್ಯಾರಲಲ್‌ನಲ್ಲಿ ಕಪ್ಪು ತಂತಿ ಗ್ರೌಂಡಿನಲ್ಲಿತ್ತು, ಹಾಗಾಗಿ ಹಾಳೆಯೂ ಗ್ರೌಂಡಿನಲ್ಲಿತ್ತು. ಈಗ ನಾನು ಆ ತಂತಿಯನ್ನು ಬ್ರಿಡ್ಜ್ ಪಿಕಪ್‌ನ ಬಿಳಿ ತಂತಿಗೆ, ಅಂದರೆ ಸಂಕೇತ ಹೊರಡುವ ತುದಿಗೆ ಸೇರಿಸಿದ್ದೆ. ಕಾವಲಿಗಿದ್ದ ಹಾಳೆಯೇ ಆಂಟೆನಾ ಆಗಿ ಕೂತಿತ್ತು.

ಹಾಳೆ ಮತ್ತು ಕಪ್ಪು ತಂತಿಯ ನಡುವಿನ ಬೆಸುಗೆ ಗುಂಡುಸೂಜಿಯ ತಲೆಯಷ್ಟು. ಅದರ ಪಕ್ಕದಲ್ಲೇ ಸುರುಳಿಯ ತಂತಿ ಹೊರಬರುತ್ತದೆ, ತಲೆಗೂದಲಿನಷ್ಟು ತೆಳು, ಒಮ್ಮೆ ತುಂಡಾದರೆ ಪಿಕಪ್ಪೇ ಹೋದಂತೆ. ಉಸಿರು ಬಿಗಿಹಿಡಿದು, ಬೆಸುಗೆ ಹೀರುವ ತಾಮ್ರದ ಜಾಲರಿಯಿಂದ ಅದನ್ನು ತೆಗೆದೆ. ಹಾಳೆಗೆ ಬೇರೆಯೇ ಒಂದು ಸಣ್ಣ ತಂತಿ ಬೆಸೆದು ಪಾಟ್‌ನ ಬೆನ್ನಿಗೆ ಒಯ್ದೆ. ಸದ್ದು ಸತ್ತಿತು. ಈ ಬದಲಾವಣೆಗೆ ಕೈಹಾಕುವವರು ಮೊದಲು ನೋಡಬೇಕಾದದ್ದು ಸ್ವಿಚ್ಚನ್ನಲ್ಲ, ತಮ್ಮ ಪಿಕಪ್‌ನ ಹಾಳೆಯೋ ಲೋಹದ ತಳವೋ ಯಾವ ತಂತಿಗೆ ಸೇರಿದೆ ಎಂಬುದನ್ನು.

ಎರಡು ವಾರ ಬಳಸಿದ ಮೇಲೆ ಇನ್ನೊಂದು ಬದಲಾವಣೆ ಮಾಡಿದೆ. ಟೋನ್ ಇಳಿಸಿದಾಗ ಮೇಲಿನ ಸ್ವರಾಂಶಗಳನ್ನು ಕಳೆಯುವ ಹಳೆಯ 0.047 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಸೀರೀಸ್‌ನಲ್ಲಿ ಟೋನ್ ಸ್ವಲ್ಪ ಇಳಿಸಿದರೂ ಕಂಬಳಿ ಹೊದಿಸಿದಂತೆ ಮಾಡುತ್ತಿತ್ತು. ಮೈಮೇಲೆ 223 ಎಂದು ಮುದ್ರಿಸಿರುವ 0.022ರದನ್ನು ಹಾಕಿದೆ. ಈಗ ನಾಬ್‌ನ ಅರ್ಧ ದಾರಿಯವರೆಗೆ ಉಪಯೋಗಕ್ಕೆ ಬರುತ್ತದೆ.

ಕಳೆದುಕೊಂಡದ್ದೂ ಉಂಟು. ನಾಬ್ ಎಳೆದಿರುವಾಗ ಬ್ರಿಡ್ಜ್ ವಾಲ್ಯೂಮ್ ಸುಮ್ಮನೆ ತಿರುಗುತ್ತದೆ, ಕುತ್ತಿಗೆಯದೊಂದೇ ಇಡೀ ವಾದ್ಯದ ವಾಲ್ಯೂಮ್. ಹೆಬ್ಬೆರಳಿನಲ್ಲಿ ಬಡಿದು ನುಡಿಸುವ ಹಾಡುಗಳಿಗೆ ಸೀರೀಸ್ ಕೆಸರು ತುಳಿದ ಹಾಗಿರುತ್ತದೆ, ಅವಕ್ಕೆ ಒತ್ತಿಬಿಡುತ್ತೇನೆ. ಪ್ರಿಸಿಷನ್ ಬೇಸಿನ ದನಿ ಬಂತೇ ಎಂದು ಕೇಳುವವರಿಗೆ ನನ್ನ ಉತ್ತರ: ಇಲ್ಲ. ಅದರ ಪಿಕಪ್ ಇರುವ ಜಾಗವೇ ಬೇರೆ, ಜಾಗವನ್ನು ತಂತಿಯಿಂದ ಬದಲಿಸಲಾಗದು. ಅದರ ನೆಂಟನಂತಿದೆ ಎನ್ನಬಹುದು.

ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಅದೇ ಮೈಕ್ ಸೆಟ್ಟು, ಅದೇ ಹುಡುಗ. ನಿಧಾನ ಲಯದ ಹಳೆಯ ಹಾಡೊಂದಕ್ಕೆ ನಾಬ್ ಎಳೆದೆ. ಮೊದಲ ಚರಣ ಮುಗಿಯುವ ಮೊದಲೇ ಅವನು ಮಿಕ್ಸರಿನ ಹಿಂದಿನಿಂದ ಅಂಗೈ ಕೆಳಗೆ ಮಾಡಿ ತೋರಿಸಿದ: ಅಣ್ಣ, ಸ್ವಲ್ಪ ಕಡಿಮೆ ಮಾಡಿ.