ಎರೆಹುಳು ತಂದು ಬಿಡುವ ಮೊದಲು ತೋಟದ ಮಣ್ಣು ಅಗೆದು ಎಣಿಸಿ

ಅಡಿಕೆ ತೋಟದ ಮಣ್ಣು ಹೇಗಿದೆ ಎಂದು ನೋಡಲು ನಾನು ಮೊದಲು ಹಿಡಿಯುವುದು ಗುದ್ದಲಿ. ಮಳೆಗಾಲ ಮುಗಿಯುತ್ತಾ ಬಂದು, ಮಣ್ಣಿನಲ್ಲಿ ಇನ್ನೂ ಹಸಿ ಇರುವಾಗ, ಎರಡು ಮರಗಳ ನಡುವೆ ಒಂದಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಆ ಮಣ್ಣನ್ನು ಗೋಣಿಚೀಲದ ಮೇಲೆ ಹರಡಿ, ಹೆಂಟೆ ಒಡೆಯುತ್ತಾ ಹುಳು ಎಣಿಸುತ್ತೇನೆ. ಎಕರೆಗೆ ಐದಾರು ಗುಂಡಿ ಸಾಕು. ಕೊರಳ ಹತ್ತಿರ ದಪ್ಪ ಪಟ್ಟಿ ಇದ್ದರೆ ಅದು ಬೆಳೆದ ಹುಳು. ಮರಿಗಳನ್ನು ಬೇರೆಯಾಗಿ ಬರೆದಿಡಬೇಕು. ಗುಂಡಿಗೆ ಹತ್ತಕ್ಕಿಂತ ಹೆಚ್ಚು ಸಿಕ್ಕರೆ ಮಣ್ಣು ಚೆನ್ನಾಗಿದೆ ಎನ್ನಬಹುದು. ಬೇಸಿಗೆಯಲ್ಲಿ ಎಣಿಸಬೇಡಿ. ಆಗ ಹುಳುಗಳು ಆಳಕ್ಕಿಳಿದು ಸುರುಳಿ ಸುತ್ತಿ ಮಲಗಿರುತ್ತವೆ, ಲೆಕ್ಕ ತಪ್ಪುತ್ತದೆ.

ಹುಳು ಕಡಿಮೆ ಎಂದು ಎರೆಗೊಬ್ಬರದ ತೊಟ್ಟಿಯಿಂದ ತಂದು ಬಿಡುವುದು ವ್ಯರ್ಥ. ತೊಟ್ಟಿಯಲ್ಲಿ ಸಾಕುವ ಐಸೀನಿಯಾ ಫೆಟಿಡಾ, ಯೂಡ್ರಿಲಸ್ ಯುಜೀನಿಯೆ ಎಂಬ ಎರಡೂ ಜಾತಿಯ ಹುಳುಗಳು ಸಗಣಿ, ಕೊಳೆತ ಸೊಪ್ಪಿನಲ್ಲಿ ಬದುಕುವಂಥವು. ಬರೀ ಮಣ್ಣಿನಲ್ಲಿ ಅವಕ್ಕೆ ಹೊಟ್ಟೆ ತುಂಬದು. ಮಣ್ಣು ತಿಂದು, ಬಿಲ ಕೊರೆದು, ನೀರು ಇಂಗುವ ದಾರಿ ಮಾಡುವುದು ನಮ್ಮ ನೆಲದ ಹುಳುಗಳೇ. ಅವುಗಳ ಹಿಕ್ಕೆಯಲ್ಲಿ ಗಿಡಕ್ಕೆ ಸಿಗುವ ಸಾರಜನಕ, ರಂಜಕ ಸುತ್ತಲಿನ ಮಣ್ಣಿಗಿಂತ ಹೆಚ್ಚು. ಅವಕ್ಕೆ ಬೇಕಾದದ್ದು ಮೇವು, ತಂಪು, ಗಾಳಿ.

ಮೇವಿಗೆ ಒಣ ಸೋಗೆಯೊಂದನ್ನೇ ಹರಡಿದರೆ ಹುಳು ಬೇಗ ಮುಟ್ಟುವುದಿಲ್ಲ. ಕೆಳಗೆ ಗ್ಲಿರಿಸಿಡಿಯಾ ಸೊಪ್ಪು, ಅದರ ಮೇಲೆ ಸಗಣಿ ಬಗ್ಗಡ (10 ಕೆಜಿ ಹಸಿ ಸಗಣಿಗೆ 50 ಲೀಟರ್ ನೀರು, ಮರಕ್ಕೆ 2 ಲೀಟರ್), ಮೇಲೆ ಕತ್ತರಿಸಿದ ಸೋಗೆ ನಾಲ್ಕು ಇಂಚು ದಪ್ಪ. ಬಸಿಗಾಲುವೆ ಎರಡೂವರೆ ಅಡಿ ಆಳವಿರಲಿ; ನೀರು ನಿಂತರೆ ಉಸಿರು ಕಟ್ಟಿ ಹುಳು ಮೇಲೆ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಹುಳು ಹೆಚ್ಚದಿದ್ದರೆ ಬೋರ್ಡೋ ದ್ರಾವಣದ ಕಡೆ ನೋಡಬೇಕು. 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರಿನ ಈ ದ್ರಾವಣ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ತಡೆಯಲು ಬೇಕೇ ಬೇಕು. ಆದರೆ ಅದರಲ್ಲಿರುವ ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ವರ್ಷ ವರ್ಷ ಮೇಲಿನ ಕೆಲವು ಇಂಚಿನಲ್ಲೇ ಸೇರುತ್ತಾ ಹೋಗುತ್ತದೆ, ಹುಳು ಮೇಯುವುದೂ ಅಲ್ಲೇ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಅದರ ವಿಷ ಇನ್ನೂ ಹೆಚ್ಚು. ಹಾಗಾಗಿ ಅಡಿಕೆ ಗೊನೆಗೆ ಮಾತ್ರ ಬೀಳುವಂತೆ ಹೊಡೆಯಬೇಕು, ಡ್ರಮ್ಮಿನಲ್ಲಿ ಉಳಿದದ್ದನ್ನು ಬುಡಕ್ಕೆ ಚೆಲ್ಲಲೇಬಾರದು. ದ್ರಾವಣದಲ್ಲಿ ಅದ್ದಿದ ಚೂರಿ ಕೆಂಪಾದರೆ ಸುಣ್ಣ ಸಾಲದು ಎಂದರ್ಥ; ಇನ್ನಷ್ಟು ಸೇರಿಸಿ. ಕೈಗೆಟುಕುವ ಸಣ್ಣ ಮರಗಳಿಗೆ ಕೊಟ್ಟೆ (ಗೊನೆಗೆ ಮಳೆ ತಾಗದಂತೆ ಹೊದಿಕೆ) ಕಟ್ಟಿದರೆ ಅಷ್ಟು ತಾಮ್ರ ಮಣ್ಣಿಗೆ ಬೀಳುವುದು ತಪ್ಪುತ್ತದೆ. ಹುಳಿ ತಗ್ಗಿಸಲು ಮಣ್ಣಿಗೆ ಸುಣ್ಣ ಹಾಕುವುದಾದರೆ ಮಣ್ಣು ಪರೀಕ್ಷೆಯ ಲೆಕ್ಕದಂತೆ ಹಾಕಿ. ಸಗಣಿ, ಯೂರಿಯಾ ಜೊತೆಗೆ ಬೇಡ, ಸಾರಜನಕ ಗಾಳಿಗೆ ಹೋಗುತ್ತದೆ.

ಮರುವರ್ಷ ಅದೇ ತಿಂಗಳಲ್ಲಿ, ಹಳೆಯ ಗುಂಡಿಯಿಂದ ಒಂದು ಮಾರು ದೂರದಲ್ಲಿ ಮತ್ತೆ ಎಣಿಸಿ. ಆಗ ಮರಿಗಳ ಲೆಕ್ಕವನ್ನು ಮೊದಲು ನೋಡಿ.