ಎಂಟಡಿ ದೂರದ ಟಿವಿಗೆ ಎಷ್ಟು ದುಡ್ಡು ಸುರಿಯಬೇಕು?

ಮನೆಯಲ್ಲಿ ಟಿವಿ ಬದಲಾಯಿಸುವ ಮಾತು ಎದ್ದಾಗ ಎಲ್ಲರೂ ಮೊಬೈಲ್ ಹಿಡಿದು ಬೆಲೆ ನೋಡತೊಡಗಿದರು. ನಾನು ಹೊಲಿಗೆ ಡಬ್ಬಿಯಿಂದ ಅಳತೆ ಟೇಪು ತೆಗೆದೆ. ಮುಂಬಯಿಯ ಮುಲುಂಡಿನಲ್ಲಿರುವ ನಮ್ಮದು ಒಂದೇ ಬೆಡ್‌ರೂಮಿನ ಮನೆ. ಸೋಫಾದಲ್ಲಿ ಕೂತವರ ಕಣ್ಣಿನಿಂದ ಎದುರು ಗೋಡೆಗೆ ಎಂಟಡಿ. ಆ ಗೋಡೆಯಲ್ಲೂ ದೇವರ ಮಂಟಪಕ್ಕೂ ಬೆಡ್‌ರೂಮಿನ ಬಾಗಿಲಿಗೂ ನಡುವೆ ಉಳಿದ ಜಾಗ ನಾಲ್ಕಡಿಗಿಂತ ಚೂರು ಕಡಿಮೆ. 55 ಇಂಚಿನ ಟಿವಿಯ ಅಗಲ ಹೆಚ್ಚುಕಡಿಮೆ 122 ಸೆಂಟಿಮೀಟರ್, ಅಂದರೆ ನಾಲ್ಕಡಿ. ನಮ್ಮವರ 55 ಇಂಚಿನ ಆಸೆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಮುಗಿಯಿತು. ಹೆಚ್ಚೆಂದರೆ 50.

ಲೆಕ್ಕ ಬರೆಯುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಮುಂದಿನದನ್ನೂ ಲೆಕ್ಕದಲ್ಲೇ ನೋಡಿದೆ. ಫುಲ್ ಎಚ್‌ಡಿ ಅಂದರೆ 1920 × 1080, ಸುಮಾರು 20.7 ಲಕ್ಷ ಚುಕ್ಕಿ (ಪಿಕ್ಸೆಲ್). 4ಕೆ ಅಂದರೆ 3840 × 2160, ಅದರ ನಾಲ್ಕು ಪಟ್ಟು, 83 ಲಕ್ಷದ ಹತ್ತಿರ. ನಾಲ್ಕು ಪಟ್ಟು ಅಂದ ಕೂಡಲೇ ಬಾಯಲ್ಲಿ ನೀರು ಬರುತ್ತದೆ. ಆದರೆ ಒಳ್ಳೆಯ ದೃಷ್ಟಿ ಇರುವ ಕಣ್ಣೂ ಸಾಮಾನ್ಯವಾಗಿ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲಿಗಿಂತ ಸಣ್ಣದನ್ನು ಬೇರೆಬೇರೆಯಾಗಿ ಗುರುತಿಸಲಾರದು, ಚುಕ್ಕಿಗಳು ಒಂದರೊಳಗೊಂದು ಕಲೆತುಹೋಗುತ್ತವೆ. ಇದನ್ನು ಬಿಡಿಸಿದರೆ ಸುಲಭದ ಸೂತ್ರ ಸಿಗುತ್ತದೆ: ಟಿವಿಯ ಇಂಚನ್ನು 0.13ರಿಂದ ಗುಣಿಸಿ, ಬಂದದ್ದು ಅಡಿ. ಅಷ್ಟು ಅಡಿಗಿಂತ ದೂರ ಕೂತರೆ ಫುಲ್ ಎಚ್‌ಡಿಯ ಚುಕ್ಕಿಗಳೇ ಕಣ್ಣಿಗೆ ಸಿಗುವುದಿಲ್ಲ, 4ಕೆ ಚುಕ್ಕಿಗಳ ಮಾತಂತೂ ದೂರವೇ ಉಳಿಯಿತು. 43 ಇಂಚಿಗೆ ಐದೂವರೆ ಅಡಿ ಚಿಲ್ಲರೆ, 50 ಇಂಚಿಗೆ ಆರೂವರೆ. 65 ಇಂಚಿಗೆ ಎಂಟೂವರೆ ಬರುತ್ತದೆ. ಆಗ 4ಕೆಗೆ ಕೊಟ್ಟ ದುಡ್ಡು ಕಣ್ಣಿಗೆ ಮುಟ್ಟುತ್ತದೆ. ಆದರೆ ನಮ್ಮ ಗೋಡೆಗೆ 65 ಇಂಚು ಹಾಕಿದರೆ ಬೆಡ್‌ರೂಮಿಗೆ ಹೋಗುವ ದಾರಿ ಇರುವುದಿಲ್ಲ.

ಇದೆಲ್ಲ ಕಣ್ಣು ಸರಿ ಇದ್ದವರ ಲೆಕ್ಕ. ಮಾವನವರ ಕನ್ನಡಕದ ನಂಬರ್ ಬದಲಾಗಿ ಯಾವ ಕಾಲವಾಯಿತೋ. ಟಿವಿಗಿಂತ ಮೊದಲು ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಇಡೀ ವ್ಯವಹಾರದಲ್ಲಿ ಚಿತ್ರ ಚೆನ್ನಾಗಿಸಿದ ಅತಿ ಅಗ್ಗದ ಖರ್ಚು ಅದೇ ಇರಬೇಕು.

ಕಾಗದದ ಲೆಕ್ಕ ಮನೆಯವರಿಗೆ ಒಪ್ಪಿಗೆಯಾಗಲಿಲ್ಲ. ಥಾಣೆಯಲ್ಲಿ ಅಣ್ಣನ ಮನೆಯಲ್ಲಿ 50 ಇಂಚಿನ 4ಕೆ ಟಿವಿ ಇದೆ. ಅಲ್ಲಿಗೆ ಹೋಗಿದ್ದಾಗ ಎಲ್ಲರನ್ನೂ ಎಂಟಡಿ ದೂರ ಕೂರಿಸಿ, ಯೂಟ್ಯೂಬಿನಲ್ಲಿ ಕಾಡಿನ ಒಂದು 4ಕೆ ವಿಡಿಯೋ ಹಾಕಿದೆ. ಕ್ವಾಲಿಟಿ ಬದಲಾಯಿಸುವಾಗ ಪರದೆಗೆ ಅಡ್ಡ ನಿಂತು, 480, 1080, 2160 (ಚಿತ್ರದ ಅಡ್ಡಗೆರೆಗಳ ಲೆಕ್ಕ; 2160 ಅಂದರೆ 4ಕೆ) ಎಂದು ಮನಸ್ಸಿಗೆ ಬಂದ ಹಾಗೆ ಹಾಕುತ್ತ, ಯಾವುದು ಯಾವುದು ಹೇಳಿ ಅಂದೆ. 480 ಬಂದಾಗ ಎಲ್ಲರೂ ತಕ್ಷಣ ಹಿಡಿದರು, ಎಲೆಗಳೆಲ್ಲ ಕಲಸಿಹೋಗಿದ್ದವು. 1080 ಮತ್ತು 2160ರ ನಡುವೆ ಮಾತ್ರ ಸೋಫಾದವರೆಲ್ಲ ಅಂದಾಜಿಗೆ ಬಾಣ ಬಿಡುತ್ತಿದ್ದರು. ಸರಿಯಾಗಿ ಹೇಳುತ್ತಿದ್ದವನು ನೆಲದ ಮೇಲೆ, ಟಿವಿಯಿಂದ ಮೂರಡಿಯಲ್ಲಿ ಕೂತಿದ್ದ ನನ್ನ ಮಗ ಒಬ್ಬನೇ. ಯೂಟ್ಯೂಬ್ 2160ಕ್ಕೆ ಹೆಚ್ಚು ಡೇಟಾ ಕಳಿಸುವುದರಿಂದ, ಜೋರು ಮಳೆ, ಅಲೆ, ಹಾರುವ ಹಕ್ಕಿಯಂಥ ದೃಶ್ಯಗಳಲ್ಲಿ ಅದು ಸ್ವಲ್ಪ ಹಸನಾಗಿ ಕಾಣುವುದುಂಟು. ಆ ಲಾಭ ಚುಕ್ಕಿ ಹೆಚ್ಚಾದದ್ದರಿಂದ ಅಲ್ಲ, ಡೇಟಾ ಹಿಂಡುವುದು ಕಡಿಮೆಯಾದದ್ದರಿಂದ.

ಹಳೆಯ ಎಸ್‌ಡಿಯಿಂದ ಎಚ್‌ಡಿಗೆ ಬರುವುದು ದೊಡ್ಡ ಹೆಜ್ಜೆ, ಅದಕ್ಕೆ ಎರಡು ಮಾತಿಲ್ಲ. ತಮಾಷೆ ಏನೆಂದರೆ ಬಹಳ ಮಂದಿ ಆ ಹೆಜ್ಜೆಗೆ ದುಡ್ಡು ಕೊಟ್ಟೂ ಅದನ್ನು ಇಟ್ಟಿರುವುದಿಲ್ಲ. ಡೊಂಬಿವಲಿಯಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲಿ ಫುಲ್ ಎಚ್‌ಡಿ ಟಿವಿ, ಎಚ್‌ಡಿ ಸೆಟ್‌ಟಾಪ್ ಬಾಕ್ಸ್, ತಿಂಗಳು ತಿಂಗಳು ಕನ್ನಡ ಎಚ್‌ಡಿ ಚಾನೆಲ್‌ಗಳ ದುಡ್ಡು, ಎಲ್ಲವೂ ಇತ್ತು. ಚಿತ್ರ ಮಾತ್ರ ಮಸುಕು. ಹಿಂದೆ ಕೈ ಹಾಕಿ ನೋಡಿದರೆ ಬಾಕ್ಸಿನಿಂದ ಟಿವಿಗೆ ಕೆಂಪು, ಹಳದಿ, ಬಿಳಿ ಮೂರು ಬಣ್ಣದ ತಂತಿ! ಬಾಕ್ಸ್ ಹಾಕಲು ಬಂದಿದ್ದ ಹುಡುಗ ಕೈಗೆ ಸಿಕ್ಕಿದ್ದನ್ನು ಚುಚ್ಚಿ ಹೋಗಿದ್ದ. ಆ ಹಳದಿ ತಂತಿಯಲ್ಲಿ ಹಳೆ ಕಾಲದ 576 ಗೆರೆಗಳ ಚಿತ್ರಕ್ಕಿಂತ ಹೆಚ್ಚಿನದು ಹೋಗುವುದೇ ಇಲ್ಲ. ಸ್ಟೇಶನ್ ರೋಡಿನಿಂದ ಒಂದು ಎಚ್‌ಡಿಎಂಐ ಕೇಬಲ್ ತಂದು ಹಾಕಿದೆ. ಸಾಲದೆ ಬಾಕ್ಸಿನ ಸೆಟ್ಟಿಂಗಿನಲ್ಲೂ ಔಟ್‌ಪುಟ್ 576ಕ್ಕೇ ಕೂತಿತ್ತು, ಅದನ್ನು ಎಚ್‌ಡಿಯ 1080ಐ ಮಾಡಿದೆ. ಧಾರಾವಾಹಿಯ ಅತ್ತೆಯ ಸೀರೆಯಂಚಿನ ಜರಿ ಒಂದೊಂದು ಎಳೆಯಾಗಿ ಕಾಣತೊಡಗಿತು. ಚಿಕ್ಕಮ್ಮ ಹತ್ತಿರ ಬಂದು ನೋಡಿ, “ಅವಳ ಮುಖಕ್ಕೆ ಬಳಿದದ್ದೆಲ್ಲ ಕಾಣ್ತದಲ್ಲೇ ಮಾರಾಯ್ತಿ, ಮೊದಲೇ ಚಂದ ಇತ್ತು” ಅಂದರು. ಕೇಬಲ್ ಬಿಚ್ಚಲು ಮಾತ್ರ ಬಿಡಲಿಲ್ಲ.

ನಿಮ್ಮ ಮನೆಯಲ್ಲೂ ಒಮ್ಮೆ ಟಿವಿಯ ಹಿಂದೆ ಇಣುಕಿ. ಎಚ್‌ಡಿ ಚಾನೆಲ್ ಪುಕ್ಕಟೆ ಬರುವುದಿಲ್ಲ; 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ತಂದ ಹೊಸ ದರಪದ್ಧತಿಯಲ್ಲಿ ಚಾನೆಲ್ ಎಣಿಸುವಾಗ ಒಂದು ಎಚ್‌ಡಿಯನ್ನು ಎರಡು ಎಸ್‌ಡಿ ಎಂದೇ ಹಿಡಿದಿದ್ದರು.

ಇನ್ನು ಅಂಗಡಿ. 50 ಇಂಚಿನಲ್ಲಿ ಈಗ ಸಿಗುವುದೇ ಬಹುತೇಕ 4ಕೆ, ಬೇಡ ಅಂದರೂ ಬರುತ್ತದೆ. ಹಾಗಾಗಿ 4ಕೆ ಬೇಕೋ ಬೇಡವೋ ಎಂಬ ಜಗಳಕ್ಕೆ ಅರ್ಥ ಉಳಿದಿಲ್ಲ. ಅದರ ಮೇಲೆ ಏನೇನಕ್ಕೆ ದುಡ್ಡು ಕೀಳುತ್ತಾರೆ ಎಂಬುದನ್ನು ನೋಡಬೇಕು. ನಾವು ಕೊಂಡದ್ದು ಜಿಎಸ್‌ಟಿ ಇಳಿದ ಮೇಲೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ತೆರಿಗೆ ಶೇ. 28ರಿಂದ 18ಕ್ಕೆ ಬಂತು. “ಹತ್ತು ಪರ್ಸೆಂಟ್ ಕಮ್ಮಿ ಮೇಡಂ” ಎಂದು ಸೇಲ್ಸ್‌ಮನ್ ಹೇಳುತ್ತಲೇ ಇದ್ದ. ನೂರು ರೂಪಾಯಿಯ ಮಾಲು ಮೊದಲು 128, ಈಗ 118. 128ರಲ್ಲಿ ಹತ್ತು ಇಳಿದರೆ ಶೇ. 7.8, ಹತ್ತಲ್ಲ. ಅವನಿಗೆ ಬರೆದು ತೋರಿಸಿದೆ. ಮತ್ತೆ ಆ ಮಾತು ಎತ್ತಲಿಲ್ಲ.

ಅಂಗಡಿಯಲ್ಲಿ ಎಲ್ಲ ಟಿವಿಯೂ ಕಣ್ಣು ಕುಕ್ಕುವ ಹಾಗೆ ಇರುತ್ತದೆ. ಡೆಮೋ ಅಥವಾ ವಿವಿಡ್ ಮೋಡಿನಲ್ಲಿ ಬೆಳಕು, ಬಣ್ಣ ಎರಡನ್ನೂ ಮೇಲಕ್ಕೇರಿಸಿ, ಟ್ಯೂಬ್‌ಲೈಟಿನ ಕೆಳಗೆ ಸಾಲಾಗಿ ನಿಲ್ಲಿಸಿರುತ್ತಾರೆ. ನಾನು ರಿಮೋಟ್ ಕೇಳಿ ತೆಗೆದುಕೊಂಡು ಎಲ್ಲದರಲ್ಲೂ ಸಿನಿಮಾ ಮೋಡ್ ಹಾಕಿಸಿದೆ. ಅಗ್ಗದ್ದಕ್ಕೂ ಅದಕ್ಕಿಂತ ಹತ್ತು ಸಾವಿರ ಹೆಚ್ಚಿನದಕ್ಕೂ ಇದ್ದ ಅಂತರ ಅರ್ಧಕ್ಕರ್ಧ ಕರಗಿತು. ಉಳಿದದ್ದು ಕಪ್ಪಿನ ವ್ಯತ್ಯಾಸ. ವಿಎ, ಐಪಿಎಸ್ ಎಂದು ಎಲ್‌ಸಿಡಿ ಪರದೆಯಲ್ಲಿ ಎರಡು ಬಗೆ. ವಿಎ ಪ್ಯಾನೆಲ್ಲಿನಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತದೆ, ಐಪಿಎಸ್‌ನಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬದಿಯಿಂದ ನೋಡುವವರಿಗೆ ಮಾತ್ರ ಐಪಿಎಸ್ ವಾಸಿ. ನಾವೆಲ್ಲ ಒಂದೇ ಸೋಫಾದಲ್ಲಿ ನೇರಕ್ಕೆ ಕೂರುವವರು, ವಿಎ ತೆಗೆದುಕೊಂಡೆವು. ಒಂದೊಂದು ಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿ ಟಿವಿಯ ಎದುರು ನಮ್ಮವರು ಬಹಳ ಹೊತ್ತು ನಿಂತಿದ್ದರು. ಅದರ ಚಿತ್ರಕ್ಕೆ ಸಾಟಿ ಇಲ್ಲ, ನಾನೂ ಒಪ್ಪುತ್ತೇನೆ. ಆದರೆ ಬೆಲೆ ಎರಡು ಮೂರು ಪಟ್ಟು, ನಮ್ಮ ಹಾಲ್‌ಗೆ ಪಡುವಣದ ಕಿಟಕಿ. ಸಂಜೆ ಐದಕ್ಕೆ ಆ ಬೆಳಕಿನಲ್ಲಿ ಯಾವ ಕಪ್ಪೂ ಕಪ್ಪಾಗಿ ಉಳಿಯುವುದಿಲ್ಲ.

ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಎಚ್‌ಡಿಆರ್, ಅಂದರೆ ಬೆಳಕು-ಕತ್ತಲಿನ ಅಂತರವನ್ನು ಹಿಗ್ಗಿಸಿ ತೋರಿಸುವ ಚಿತ್ರದ ಬಗ್ಗೆಯೂ ಒಂದು ಮಾತು. ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1,000 ನಿಟ್ಸ್ (ಪರದೆಯ ಬೆಳಕಿನ ಅಳತೆ) ಅಥವಾ ಅದಕ್ಕೂ ಹೆಚ್ಚಿನ ಬೆಳಕಿಗೆ ಹೊಂದಿಸಿ ಮಾಡಿರುತ್ತಾರೆ. ಅಗ್ಗದ ಟಿವಿಗಳು 300ರ ಆಸುಪಾಸಿನಲ್ಲಿ ಏದುಸಿರು ಬಿಡುತ್ತವೆ. ಸಿಗ್ನಲ್ ಓದುತ್ತದೆ, ತೋರಿಸಲು ಶಕ್ತಿ ಇಲ್ಲ, ರಾತ್ರಿಯ ದೃಶ್ಯಗಳು ಇನ್ನೂ ಮಬ್ಬಾಗುತ್ತವೆ. ನಮ್ಮದರಲ್ಲೂ ಅಷ್ಟೇ. ಅದಕ್ಕೆಂದು ಹೆಚ್ಚು ಕೊಟ್ಟಿರಲಿಲ್ಲ.

ಮನೆಗೆ ತಂದ ದಿನವೇ ಮೋಶನ್ ಸ್ಮೂದಿಂಗ್ ಆಫ್ ಮಾಡಿದೆ. ಸೆಕೆಂಡಿಗೆ 24 ಚೌಕಟ್ಟಿನಲ್ಲಿ ತೆಗೆದ ಸಿನಿಮಾದ ನಡುನಡುವೆ ಟಿವಿ ತಾನೇ ಚಿತ್ರ ಹುಟ್ಟಿಸಿ ತುಂಬುತ್ತದೆ, ಕೋಟಿಗಟ್ಟಲೆ ಖರ್ಚಿನ ಸಿನಿಮಾವೂ ಧಾರಾವಾಹಿಯಂತೆ ಕಾಣುತ್ತದೆ. ಕ್ರಿಕೆಟ್ಟಿಗೆ ಇರಲಿ ಎಂದು ಸ್ಪೋರ್ಟ್ಸ್ ಮೋಡಿನಲ್ಲಿ ಬಿಟ್ಟೆ. ಶಾರ್ಪ್‌ನೆಸ್ ಕೆಳಕ್ಕಿಳಿಸಿದೆ. ಇವಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ.

ಕಣ್ಣಿಗೆ ಬೀಳದ ಖರ್ಚು ತಿಂಗಳ ಬಿಲ್ಲಿನಲ್ಲಿದೆ. 2021ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಇಲ್ಲಿ ದರ ಇಳಿಸಿದಾಗ ಫುಲ್ ಎಚ್‌ಡಿಯ ಪ್ಲಾನ್ 499, 4ಕೆಯದು 649 ಆಯಿತು. ತಿಂಗಳಿಗೆ 150 ಅಂದರೆ ಐದು ವರ್ಷಕ್ಕೆ 9,000. ಎಂಟಡಿ ದೂರದಿಂದ ಕಾಣದ ಚುಕ್ಕಿಗಳಿಗೆ ಅಷ್ಟು ಕೊಡಲು ನನಗೆ ಮನಸ್ಸು ಬರಲಿಲ್ಲ. ಇಂಟರ್‌ನೆಟ್ ಬದಲಾಯಿಸುವುದೂ ಬೇಕಾಗಲಿಲ್ಲ, ನೆಟ್‌ಫ್ಲಿಕ್ಸಿನವರೇ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಸಾಕು ಅನ್ನುತ್ತಾರೆ. ಚಿತ್ರ ನಿಂತು ನಿಂತು ಬರುವುದಕ್ಕೆ ಕಾರಣ ಹೆಚ್ಚಾಗಿ ವೈಫೈ. ನಮ್ಮ ಬಿಲ್ಡಿಂಗಿನಲ್ಲಿ ಮನೆಗೊಂದು ರೌಟರ್, ಎಲ್ಲರದೂ 2.4 ಗಿಗಾಹರ್ಟ್ಸಿನಲ್ಲೇ ಗಿಜಿಗಿಜಿ. ಗೋಡೆಯ ಬುಡಕ್ಕೆ ಒಂದು ಲ್ಯಾನ್ ವಯರ್ ಎಳೆದ ಮೇಲೆ ಆ ಕಾಟ ತಪ್ಪಿತು.

ಹೀಗೆ ಉಳಿಸಿದ ದುಡ್ಡೆಲ್ಲ ಹೋದದ್ದು ಧ್ವನಿಗೆ. ಇಷ್ಟರಲ್ಲೆಲ್ಲ ನನಗೆ ಪೂರ್ತಿ ಸಾರ್ಥಕ ಅನಿಸಿದ್ದು ಇದೊಂದೇ.

ಕುಂದಾಪುರದ ಕಡೆಯ ನನ್ನ ಮಾವನವರಿಗೆ ಟಿವಿ ಅಂದರೆ ಯೂಟ್ಯೂಬಿನ ಯಕ್ಷಗಾನ, ತಾಳಮದ್ದಳೆ. ಅವರು ಹುಡುಕಿ ಹುಡುಕಿ ನೋಡುವ ಆಟಗಳೆಲ್ಲ ಯಾರೋ ಅಭಿಮಾನಿಗಳು ಹಳೆ ಕ್ಯಾಮೆರಾದಲ್ಲಿ ತೆಗೆದದ್ದು, ಎಷ್ಟೋ 360ರವು. ಅದನ್ನು 4ಕೆ ಪರದೆಗೆ ಹಾಕಿದರೆ ಮಸುಕೇ ದೊಡ್ಡದಾಗುತ್ತದೆ, ಇಲ್ಲದ ವಿವರವನ್ನು ಟಿವಿ ಎಲ್ಲಿಂದ ತರಬೇಕು? ಧ್ವನಿ ಹಾಗಲ್ಲ. ಚಿತ್ರ ಕೆಟ್ಟಿರುವ ರೆಕಾರ್ಡಿಂಗಿನಲ್ಲೂ ಧ್ವನಿ ಸಾಕಷ್ಟು ಚೆನ್ನಾಗಿರುವುದುಂಟು. ತೆಳ್ಳಗಿನ ಟಿವಿಯ ಸ್ಪೀಕರ್ ಮಾತ್ರ ನೆಲಕ್ಕೋ ಗೋಡೆಗೋ ಮುಖ ಮಾಡಿಕೊಂಡಿರುತ್ತದೆ. ಅದರಲ್ಲಿ ಚೆಂಡೆ ತಗಡಿನ ಡಬ್ಬ ಬಡಿದ ಹಾಗೆ, ಮದ್ದಳೆ ಕೇಳುವುದೇ ಇಲ್ಲ, ಭಾಗವತರ ಪದದ ಅಕ್ಷರ ಹಿಡಿಯಬೇಕಾದರೆ ಫ್ಯಾನ್ ನಿಲ್ಲಿಸಬೇಕು. ಮೇ ತಿಂಗಳ ಮುಂಬಯಿಯಲ್ಲಿ ಫ್ಯಾನ್ ನಿಲ್ಲಿಸಿ ಯಾರು ಕೂರುತ್ತಾರೆ?

ಸೌಂಡ್‌ಬಾರ್ ನೋಡಿದೆವು. ಗುಡುಗುವ ತಗ್ಗುಸ್ವರದ ಸಬ್‌ವೂಫರ್ ಇರುವುದು ನಮಗೆ ಆಗದು, ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಕಡೆಗೆ ಗ್ರ್ಯಾಂಟ್ ರೋಡ್ ಸ್ಟೇಶನ್ನಿನಿಂದ ನಡೆದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ಸೆಕೆಂಡ್‌ಹ್ಯಾಂಡ್ ಸ್ಟೀರಿಯೋ ಆಂಪ್ಲಿಫೈಯರ್ ಒಂದನ್ನೂ ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ದೊಡ್ಡ ಸ್ಪೀಕರ್ ಜೋಡಿಯನ್ನೂ ತಂದೆ. ಅಂಗಡಿಯವರ ಹಾಡಿಗೆ ಮರುಳಾಗದೆ ನನ್ನ ಮೊಬೈಲಿನ ತಾಳಮದ್ದಳೆಯನ್ನೇ ಹಾಕಿಸಿ ಕೇಳಿದೆ. ಅಂಗಡಿಯ ಗುಜರಾತಿ ಮುದುಕರು ಕಣ್ಣರಳಿಸಿ ಪೂರ್ತಿ ಒಂದು ಪದ ಕೇಳಿಸಿಕೊಂಡರು. ವಾಲ್ಯೂಮ್ ತಿರುಗಿಸುವಾಗ ಕರಕರ ಅನ್ನುತ್ತಿದ್ದ ಆಂಪ್ಲಿಫೈಯರನ್ನು ಬದಿಗಿಟ್ಟು ಬೇರೆಯದನ್ನು ಕೊಟ್ಟರು. ಎಲ್ಲ ಸೇರಿ ಒಂಬತ್ತು ಸಾವಿರದೊಳಗೆ ಮುಗಿಯಿತು.

ಹಳೆಯ ಆಂಪ್ಲಿಫೈಯರಿಗೆ ಡಿಜಿಟಲ್ ತಿಳಿಯದು, ಆದ್ದರಿಂದ ಟಿವಿಯ ಆಪ್ಟಿಕಲ್ ಔಟ್‌ಗೂ ಅದಕ್ಕೂ ನಡುವೆ ಡಿಜಿಟಲ್ ಧ್ವನಿಯನ್ನು ಹಳೆಯ ಅನಲಾಗ್‌ಗೆ ತಿರುಗಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಡಿಎಸಿ ಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಟಿವಿಯ ಆಡಿಯೋ ಸೆಟ್ಟಿಂಗ್ ‘ಆಟೋ’ದಲ್ಲಿದ್ದರೆ ಕೆಲವು ಆ್ಯಪ್‌ಗಳಲ್ಲಿ ಡಾಲ್ಬಿ ಸಿಗ್ನಲ್ ಹೊರಡುತ್ತದೆ, ಅಗ್ಗದ ಡಿಎಸಿಗೆ ಅದು ಅರ್ಥವಾಗುವುದಿಲ್ಲ, ಪೂರಾ ಮೌನ. ಸಾದಾ ಡಿಜಿಟಲ್ ಧ್ವನಿಯಾದ ‘ಪಿಸಿಎಂ’ಗೆ ಬದಲಾಯಿಸಿದರೆ ಸರಿ. ಇದಕ್ಕೇ ಎಷ್ಟೋ ಜನ ಡಿಎಸಿ ಕೆಟ್ಟಿದೆ ಎಂದು ವಾಪಸ್ ಕೊಡುತ್ತಾರೆ.

ಸ್ಪೀಕರುಗಳನ್ನು ಟಿವಿಯ ಎರಡು ಬದಿಗೆ, ಕೂತವರ ಕಿವಿಯ ಎತ್ತರಕ್ಕೆ ಇಟ್ಟೆ. ಮಾವನವರು ಒಂದು ಪ್ರಸಂಗ ಮುಗಿಯುವವರೆಗೆ ಮಾತಾಡಲಿಲ್ಲ. ಆಮೇಲೆ, “ವೇಷ ಹ್ಯಾಂಗೂ ಇರ್ಲಿ ಮಗಾ, ಅರ್ಥ ಹೇಳುದು ಈಗ ಸಮಾ ಕೇಳ್ತದೆ” ಅಂದರು. ಈಗ ವಾಲ್ಯೂಮ್ ಮೊದಲಿಗಿಂತ ಎಷ್ಟೋ ಕಡಿಮೆ ಇಡುತ್ತಾರೆ, ಅತ್ತೆಗೆ ಅಡುಗೆಮನೆಯಲ್ಲಿ ನೆಮ್ಮದಿ.

ಡಿಶ್ ತೆಗೆದುಹಾಕಿ ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲೇ ನೋಡುವ ಯೋಚನೆಯೂ ಬಂದಿತ್ತು. ಐಪಿಎಲ್ ಅದನ್ನು ತಡೆಯಿತು. ಸ್ಟ್ರೀಮಿಂಗ್ ಡಿಶ್‌ಗಿಂತ ಹಲವು ಸೆಕೆಂಡು ಹಿಂದೆ ಬರುತ್ತದೆ. ನಮ್ಮಲ್ಲಿ ಬೌಲರ್ ಇನ್ನೂ ಓಡಿಬರುತ್ತಿರುವಾಗಲೇ ಪಕ್ಕದ ಮನೆಯಿಂದ “ಔಟ್” ಎಂಬ ಕೂಗು.

ನಮ್ಮವರು 649ರ ಪ್ಲಾನಿನ ಆಸೆ ಇನ್ನೂ ಬಿಟ್ಟಿಲ್ಲ. ಯೂಟ್ಯೂಬಿನ ಪರೀಕ್ಷೆ ಲೆಕ್ಕಕ್ಕಿಲ್ಲ, ಸಿನಿಮಾದಲ್ಲಿ ಬೇರೆಯೇ ಕಾಣುತ್ತದೆ ಎನ್ನುವುದು ಅವರ ವಾದ. ನನ್ನ ಷರತ್ತು ಇಷ್ಟೇ: ಒಂದು ತಿಂಗಳು ಆ ಪ್ಲಾನ್ ತೆಗೆದುಕೊಳ್ಳೋಣ, ಸೋಫಾದಿಂದ ಏಳದೆ ಹತ್ತರಲ್ಲಿ ಎಂಟು ಸಲ ಯಾವುದು 4ಕೆ ಎಂದು ಸರಿಯಾಗಿ ಹೇಳಿದರೆ ಮುಂದಿನ ದುಡ್ಡು ನಾನೇ ಕಟ್ಟುತ್ತೇನೆ. ಅವರು ಸೋಫಾವನ್ನು ಎರಡಡಿ ಮುಂದೆ ಎಳೆಯಬಹುದೇ ಎಂದು ಕೇಳುತ್ತಿದ್ದಾರೆ.