ಮಳೆಗಾಲಕ್ಕೆ ನಳಿಗೆ, ಬೇಸಿಗೆಗೆ ಹಿಡಿ

ನಮ್ಮ ಐನ್‌ಮನೆಯಲ್ಲಿ, ಅಂದರೆ ಕೊಡವ ಕುಟುಂಬದ ಮೂಲಮನೆಯಲ್ಲಿ, ಕೋವಿಯ ಜಾಗ ಅಡುಗೆಮನೆಯ ಒಲೆಯ ನೇರಕ್ಕೆ, ಅಟ್ಟದ ತೊಲೆಗೆ ಹೊಡೆದ ಎರಡು ಗೂಟಗಳ ಮೇಲೆ. ಅಜ್ಜ ಆರಿಸಿದ ಜಾಗ ಅದು. ಕೊಡಗಿನ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ ವಾರದೊಳಗೆ ಬೂಸಲು ಹಿಡಿಯುತ್ತದೆ, ಉಪ್ಪಿನ ಭರಣಿ ನೀರಾಗುತ್ತದೆ. ಆದರೆ ಒಲೆಯ ಬಿಸಿ ಮತ್ತು ಹೊಗೆ ತಾಗುವ ಆ ಗೂಟಗಳ ಮೇಲೆ ಕಬ್ಬಿಣ ಒಣಗಿಯೇ ಇರುತ್ತಿತ್ತು. ಆಮೇಲೆ ಗ್ಯಾಸ್ ಬಂತು, ಒಲೆ ಆರಿತು. ಕೋವಿಯ ಜಾಗ ಬದಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಪ್ಪ ಹಾಸಿಗೆ ಹಿಡಿದ ಎರಡು ವರ್ಷ ಅದನ್ನು ಇಳಿಸಿ ಒರೆಸುವವರೂ ಇರಲಿಲ್ಲ. ಧೂಳು ಕೂರದಿರಲಿ ಎಂದು ಯಾರೋ ಗೋಣಿಚೀಲ ಸುತ್ತಿಟ್ಟರು. ನೀರು ಹೀರಿ ಹಿಡಿದಿಟ್ಟುಕೊಳ್ಳುವುದರಲ್ಲಿ ಗೋಣಿಯನ್ನು ಮೀರಿಸುವ ವಸ್ತು ಇಲ್ಲ. ಚೀಲ ಬಿಚ್ಚಿದ ದಿನ ನನ್ನ ಅಂಗೈ ಕಾವಿ ಮೆತ್ತಿಕೊಂಡಂತೆ ಕೆಂಪಾಯಿತು.

ಹೊರಗಿನವರಿಗಾಗಿ ಒಂದು ಮಾತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಆಯುಧ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ನಡೆದುಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಲೈಸೆನ್ಸ್ ಬೇಡ ಎಂದರೆ ಕಾಗದವೇ ಬೇಡ ಎಂದಲ್ಲ. ವಿನಾಯಿತಿ ಪತ್ರ ನನ್ನ ಹೆಸರಿಗೆ ಆಗುವ ತನಕ ನಾನು ಕೋವಿಯನ್ನು ಮುಟ್ಟಲಿಲ್ಲ. ಕೋವಿಯ ದುರಸ್ತಿಗೆ ಪರವಾನಗಿ ಇರುವವರೇ ಬೇಕು. ಸುತ್ತಿಗೆಯಂತೆ ಬಡಿಯುವ ಕುದುರೆ, ಬೆರಳಿನಿಂದ ಎಳೆಯುವ ಬಿಲ್ಲು, ಒಳಗಿನ ಸ್ಪ್ರಿಂಗು ಇವುಗಳಿಗೆ ಮೊದಲಿನಿಂದ ಕೊನೆಯವರೆಗೂ ನಾನು ಕೈ ಹಾಕಿಲ್ಲ. ನಾನು ಇಲ್ಲಿ ಹೇಳುವುದೆಲ್ಲ ಹೊರಮೈಯ ಕೆಲಸ, ಅದನ್ನೂ ಕೋವಿ ರಿಪೇರಿಯ ಹಿರಿಯರೊಬ್ಬರನ್ನು ಕೇಳಿ ಕೇಳಿ ಮಾಡಿದ್ದು.

ಅವರಿರುವುದು ಮೈಸೂರಿನಲ್ಲಿ. ಕೋವಿಯನ್ನು ಮಡಚಿ ತೋಟಾ ಇಲ್ಲವೆಂದು ನೋಡಿದರು, ಇನ್ನೊಮ್ಮೆ ನೋಡಿದರು, ನಳಿಗೆ ಕಳಚಿ ಕಿಟಕಿಯ ಬೆಳಕಿಗೆ ಹಿಡಿದರು. ಹೊರಗೆ ಕುದುರೆಗಳಿರುವ ಜೋಡುನಳಿಗೆ, ನಳಿಗೆಯ ಒಳ ಅಗಲ 12 ಬೋರಿನದು. ಲಂಡನ್ನಿನ ಕೋವಿ, ಕಾಫಿ ತೋಟದ ಬಿಳಿಯ ದೊರೆಯೊಬ್ಬ ಅಜ್ಜನ ಅಪ್ಪನಿಗೆ ಮೆಚ್ಚಿ ಕೊಟ್ಟದ್ದು ಎಂದು ನಮ್ಮ ಮನೆಯ ಕಥೆ. ಅವರು ನಳಿಗೆಯ ಅಡಿಭಾಗವನ್ನು ಬೆರಳಿನಿಂದ ಉಜ್ಜಿ ಭೂತಗನ್ನಡಿ ಕೊಟ್ಟರು. ಮೊಟ್ಟೆಯಾಕಾರದ ಪುಟ್ಟ ಮುದ್ರೆಯೊಳಗೆ ಇಎಲ್‌ಜಿ ಎಂಬ ಅಕ್ಷರಗಳು, ಕೆಳಗೊಂದು ನಕ್ಷತ್ರ.

“ನೋಡಿ ಸ್ವಾಮಿ, ಇದು ಬೆಲ್ಜಿಯಂನ ಲಿಯೇಜ್ ಊರಿನ ಮುದ್ರೆ. ಮೇಲೆ ಕಿರೀಟ ಇಲ್ಲ, ಅಂದರೆ 1893ಕ್ಕಿಂತ ಹಿಂದಿನದು. ದೊರೆ ಕೊಟ್ಟಿರಬಹುದು. ಲಂಡನ್ನಿನದಂತೂ ಅಲ್ಲ.”

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ನಂಬಲಿಲ್ಲ, ಈಗಲೂ ನಂಬಿಲ್ಲ.

ಆ ಹಿರಿಯರು ಹೇಳಿದ ಎರಡನೆಯ ಮಾತು ಮುಖ್ಯವಾದದ್ದು. ಈ ನಳಿಗೆಗಳು ಡಮಾಸ್ಕಸ್ ಇರಬೇಕು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಹಗ್ಗದಂತೆ ತಿರುಚಿ, ಸಲಾಕೆಗೆ ಸುತ್ತಿ ಬೆಸೆದವು. ಹಳೆಯ ಕಪ್ಪು ಸಿಡಿಮದ್ದಿನ ಕಾಲದವು. ಇಂದಿನ ತೋಟಾ ಹಾಕಿ ಈಡು ಹೊಡೆಯುವಂತಿಲ್ಲ. ಇನ್ನು ಇದು ಪೂಜೆಯ ಕೋವಿ, ಅಷ್ಟೇ. ನನಗೇನೂ ಬೇಸರವಾಗಲಿಲ್ಲ. ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯಲು ಮನೆಯಲ್ಲಿ ಬೇರೆ ಕೋವಿ ಇದೆ.

ಅದಕ್ಕೂ ಮೊದಲು ಬೇರೊಂದು ಅಂಗಡಿಯವನು ಒಂದೇ ದಿನದಲ್ಲಿ ಹೊಸದರಂತೆ ಕಪ್ಪು ಮಾಡಿಕೊಡುತ್ತೇನೆ ಎಂದಿದ್ದ. ಕುದಿಯುವ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದುವ ವಿಧಾನ ಅದು. ಇಂದಿನ ಒಂಟಿ ನಳಿಗೆಗೆ ಸರಿ. ಹಳೆಯ ಜೋಡುನಳಿಗೆಗಳನ್ನು ಒಂದಕ್ಕೊಂದು ಕೂಡಿಸಿರುವುದು ಸೀಸ ಮತ್ತು ತವರದ ಬೆಸುಗೆಯಿಂದ. ಕಾಸ್ಟಿಕ್ ಅದನ್ನು ತಿಂದುಬಿಡುತ್ತದೆ. ಒಪ್ಪಿದ್ದರೆ ಒಳ್ಳೆಯ ಕಪ್ಪು ಬಣ್ಣದ ಎರಡು ಬಿಡಿ ಕೊಳವೆಗಳನ್ನು ಹಿಡಿದುಕೊಂಡು ನಾನು ಮನೆಗೆ ಬರುತ್ತಿದ್ದೆ. ಇಂಥ ಕೋವಿಗೆ ಸಲ್ಲುವುದು ಹಳೆಯ ನಿಧಾನದ ದಾರಿ. ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಬೇಕು, ಆ ಕೆಂಪು ತುಕ್ಕನ್ನು ಕುದಿಯುವ ನೀರಿನಲ್ಲಿ ಕಪ್ಪಾಗಿಸಬೇಕು, ಮೇಲಿನ ಸಡಿಲ ಪುಡಿಯನ್ನು ಉಜ್ಜಿ ತೆಗೆಯಬೇಕು, ಮತ್ತೆ ತುಕ್ಕು ಹಿಡಿಸಬೇಕು. ಹೀಗೆ ಏಳೆಂಟು ಸುತ್ತು.

ಮೊದಲು ಹಳೆಯ ತುಕ್ಕು ಹೋಗಬೇಕಲ್ಲ. ಉಪ್ಪುಕಾಗದ ಹಾಕಲೇಬೇಡಿ ಎಂದಿದ್ದರು. ತೆಳು ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಅಜ್ಜಿಯ ಡಬ್ಬಿಯಲ್ಲಿದ್ದ ಹಳೆಯ ಕಾಲಾಣೆಯ ಅಂಚಿನಿಂದ ಕೆರೆದೆ. ತಾಮ್ರದ ಕಾಸು ಉಕ್ಕಿಗಿಂತ ಮೆದು. ತುಕ್ಕನ್ನು ಎಬ್ಬಿಸುತ್ತದೆ, ಉಕ್ಕಿಗೆ ಗೀರು ಬೀಳದು. ನಾಲ್ಕು ಸಂಜೆ ಹಿಡಿಯಿತು. ಆಗ ಕಂಡದ್ದು ಒಂದು ಸಂಗತಿ. ತುಕ್ಕು ಎಲ್ಲ ಕಡೆಯೂ ಮೇಲೆ ಮೇಲೆಯೇ ಇತ್ತು, ಬಲ ನಳಿಗೆಯ ಬುಡದಿಂದ ಒಂದು ಗೇಣು ಮುಂದಕ್ಕೆ ಒಂದು ಕಡೆ ಮಾತ್ರ ಆಳಕ್ಕೆ ಇಳಿದಿತ್ತು. ಕಿರುಬೆರಳ ಉಗುರಿನಷ್ಟು ಅಗಲದ ಗುಂಡನೆಯ ಜಾಗ, ತುಂಬ ಸಣ್ಣ ಸಣ್ಣ ಕುಳಿಗಳು, ಸಿಡುಬಿನ ಕಲೆಯ ಹಾಗೆ. ಕಾರಣ ತಿಳಿಯದೆ ತುಸು ಹೊತ್ತು ನೋಡುತ್ತ ಕುಳಿತೆ. ಆಮೇಲೆ ಹೊಳೆಯಿತು: ಪ್ರತಿ ವರ್ಷ ಕೊಡವರ ಆಯುಧಪೂಜೆಯಾದ ಕೈಲ್ ಪೊಳ್ದ್ ಹಬ್ಬದಂದು ಗಂಧದ ಬೊಟ್ಟು ಇಡುವುದು ಅಲ್ಲೇ. ನೀರಿನಲ್ಲಿ ತೇಯ್ದ ಗಂಧ, ಮೇಲೊಂದಿಷ್ಟು ಕುಂಕುಮ, ಸೆಪ್ಟೆಂಬರಿನ ಹಸಿ ಹವೆ. ನೂರು ವರ್ಷಗಳ ಬೊಟ್ಟು ಉಕ್ಕಿನಲ್ಲಿ ಕೂತಿತ್ತು.

ಅದನ್ನು ಅರದಿಂದ ಸಮ ಮಾಡಬಹುದಿತ್ತು. ಮಾಡಲಿಲ್ಲ. ಹಳೆಯ ನಳಿಗೆಯ ದಪ್ಪವನ್ನು ಕೂದಲೆಳೆಯಷ್ಟೂ ಇಳಿಸಬಾರದೆಂಬುದು ಒಂದು ಕಾರಣ. ಇನ್ನೊಂದನ್ನು ಬರೆಯಬೇಕಾಗಿಲ್ಲ.

ಬಣ್ಣದ ಕೆಲಸಕ್ಕೆ ಜುಲೈ ತಿಂಗಳನ್ನು ಆರಿಸಿದೆ. ಇದು ನನ್ನ ಬುದ್ಧಿವಂತಿಕೆಯಲ್ಲ. ಒಣ ಹವೆಯ ಊರುಗಳಲ್ಲಿ ಇದಕ್ಕೆಂದೇ ಪೆಟ್ಟಿಗೆ ಮಾಡಿ, ಒಳಗೆ ಬಿಸಿನೀರಿನ ಪಾತ್ರೆ ಇಟ್ಟು, ತೇವ ಮಾಡಿ ತುಕ್ಕಿಗಾಗಿ ಕಾಯುತ್ತಾರಂತೆ. “ನಿಮ್ಮೂರಿನಲ್ಲಿ ಮನೆಯೇ ಪೆಟ್ಟಿಗೆಯಲ್ಲವೇ ಸ್ವಾಮಿ” ಎಂದು ಹಿರಿಯರು ನಕ್ಕಿದ್ದರು. ನಳಿಗೆ ಹಾಳಾದ ಅದೇ ಅಟ್ಟಕ್ಕೆ ಅದನ್ನು ಮತ್ತೆ ಏರಿಸಿದೆ.

ಎಣ್ಣೆಯ ಪಸೆ ಒಂದಿಷ್ಟೂ ಇರಬಾರದು. ಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ನಳಿಗೆಗೆ ಬಳಿದು, ಒಣಗಿದ ಮೇಲೆ ಉಜ್ಜಿ ತೊಳೆದೆ. ನಳಿಗೆಯ ಎರಡೂ ಕಡೆಗೆ ಕಾಫಿ ಕಡ್ಡಿಯ ಬಿರಡೆ ಕೆತ್ತಿ ಬಡಿದೆ. ಬಿರಡೆಯನ್ನು ಉದ್ದವಾಗಿ ಬಿಟ್ಟರೆ ಹಿಡಿಯಲು ಅದೇ ಕೈ. ಹಿರಿಯರು ಕೊಟ್ಟ ಆಮ್ಲದ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ, ಹಿಂಡಿ, ಇನ್ನೇನು ಒಣಗಿತು ಎನ್ನುವಷ್ಟು ತೇವ ಉಳಿಸಿ, ಬುಡದಿಂದ ತುದಿಯವರೆಗೆ ಒಂದೇ ಎಳೆತ. ಎಳೆದ ಕಡೆ ಮತ್ತೆ ಎಳೆಯಬಾರದು. ಗೋಡೆಗೆ ಸುಣ್ಣ ಬಳಿದು ಅಭ್ಯಾಸವಿದ್ದವರಿಗೆ ಇದು ಕಷ್ಟ, ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಬೆಳಿಗ್ಗೆ ಏಳಕ್ಕೆ ಹಚ್ಚಿ ಗೂಟಕ್ಕೆ ಏರಿಸಿದರೆ ಹನ್ನೊಂದರ ಹೊತ್ತಿಗೆ ನಳಿಗೆಯ ಮೇಲೆ ರಾಗಿಹಿಟ್ಟು ಜರಡಿ ಹಿಡಿದಂತೆ ನಯವಾದ ಕೆಂಪು. ಅಷ್ಟಕ್ಕೇ ಇಳಿಸಬೇಕು. ಒಮ್ಮೆ ತೋಟಕ್ಕೆ ಹೋಗಿ ಮರೆತು ಸಂಜೆ ಬಂದೆ, ಹಿಟ್ಟು ರವೆಯಾಗಿತ್ತು. ಆ ಸುತ್ತನ್ನು ಪೂರ್ತಿ ಕೆರೆದು ತೆಗೆಯಬೇಕಾಯಿತು.

ಕುದಿಸಲು ತಗಡಿನ ಕೆಲಸದವನಿಂದ ಮೂರು ಅಡಿ ಉದ್ದದ ತೊಟ್ಟಿ ಮಾಡಿಸಿದ್ದೆ. ಬಚ್ಚಲೊಲೆಯ ಮೇಲೆ ಅದನ್ನಿಟ್ಟು ಮಳೆನೀರು ತುಂಬಿದೆ. ಬಾವಿನೀರಿನ ಖನಿಜ ಉಕ್ಕಿನ ಮೇಲೆ ಕಲೆ ಬಿಡುತ್ತದೆ. ಮಳೆನೀರಿಗೆ ನಮ್ಮಲ್ಲಿ ಆ ತಿಂಗಳು ಯಾರ ಅಪ್ಪಣೆಯೂ ಬೇಕಿಲ್ಲ, ಮಾಡಿನ ಅಂಚಿಗೆ ಪಾತ್ರೆ ಇಟ್ಟರೆ ಆಯಿತು. ಕುದಿಯುವ ನೀರಿಗೆ ನಳಿಗೆ ಇಳಿಸಿ ಎರಡು ಮೂರು ನಿಮಿಷ ಕಾದರೆ ಕೆಂಪು ಕಂದಾಗುತ್ತದೆ, ಕಂದು ಕಪ್ಪಾಗುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಹೊರತೆಗೆದರೆ ಮೈಮೇಲೆಲ್ಲ ಮಖಮಲ್ಲಿನಂಥ ಕಪ್ಪು. ಎಷ್ಟು ಸಲ ನೋಡಿದರೂ ಸಾಲದು ಎನಿಸುವ ಗಳಿಗೆ ಅದು. ಆ ಮಖಮಲ್ಲನ್ನು ಅತಿ ನಯದ ಸ್ಟೀಲ್ ವೂಲ್‌ನಿಂದ ಹಗುರವಾಗಿ ಉಜ್ಜಿದರೆ ಕೆಳಗೆ ಉಳಿಯುವುದೇ ಬಣ್ಣ. ಸ್ಟೀಲ್ ವೂಲ್ ಕಾರ್ಖಾನೆಯಿಂದ ಎಣ್ಣೆ ಸವರಿಕೊಂಡೇ ಬರುತ್ತದೆ, ಅದನ್ನೂ ಅಸಿಟೋನಿನಲ್ಲಿ ತೊಳೆದು ಒಣಗಿಸಬೇಕು. ಪಾತ್ರೆ ತಿಕ್ಕುವ ನಾರು ಹಾಕಿದರೆ ಗೀರೇ ಗೀರು.

ಮೊದಲನೆಯ ಪ್ರಯತ್ನ ಕೆಟ್ಟಿತು. ಎರಡನೆಯ ಸುತ್ತಿನ ಕುದಿಯುವ ಹೊತ್ತಿನಲ್ಲಿ ನಳಿಗೆಯೊಳಗಿನ ಗಾಳಿ ಹಿಗ್ಗಿ ಒಂದು ಬಿರಡೆ ಢಬ್ ಎಂದು ಹಾರಿ ಬಚ್ಚಲ ಗೋಡೆಗೆ ಬಡಿಯಿತು. ಈಡು ಹೊಡೆಯದ ಕೋವಿ ಹೊಡೆದ ಈಡು. ಅವ್ವ ಓಡಿ ಬಂದಳು. ನಗುವಂಥದ್ದೇ, ಆದರೆ ನಳಿಗೆಯೊಳಗೆ ಉಳಿದಿದ್ದ ಹಳೆಯ ಎಣ್ಣೆ ನೀರಿನ ಮೇಲೆ ತೇಲಿ, ನಳಿಗೆ ಎತ್ತುವಾಗ ಉದ್ದಕ್ಕೂ ಮೆತ್ತಿಕೊಂಡಿತು. ಎಣ್ಣೆ ಮುಟ್ಟಿದ ಕಡೆ ಬಣ್ಣ ಹಿಡಿಯಲಿಲ್ಲ. ಜೊತೆಗೆ ಎಡ ನಳಿಗೆಯ ಮೇಲೆ ನನ್ನದೇ ಹೆಬ್ಬೆರಳ ಗುರುತು, ಸಹಿ ಬಾರದವರು ಒತ್ತಿದ ಹೆಬ್ಬೆಟ್ಟಿನಷ್ಟು ಸ್ಪಷ್ಟವಾಗಿ. ಮತ್ತೆ ಸುಣ್ಣ, ಮತ್ತೆ ಮೊದಲಿನಿಂದ. ಈ ಸಲ ನಳಿಗೆಯ ಒಳಗನ್ನೂ ತೊಳೆದೆ, ಕೈಗೆ ಕೈಗವಸು ಹಾಕಿಕೊಂಡೆ, ಬಿರಡೆಯ ನಡುವೆ ಗಾಳಿ ಹೋಗಲು ಸಣ್ಣ ತೂತು ಕೊರೆದು ಆ ತುದಿಯನ್ನು ನೀರಿನ ಮೇಲಕ್ಕೆ ಹಿಡಿದೆ.

ನಾಲ್ಕನೆಯ ಸುತ್ತಿನಲ್ಲಿ ಗೆರೆಗಳು ಕಾಣತೊಡಗಿದವು. ಕಬ್ಬಿಣ ಒಂದು ಬಗೆಯಲ್ಲಿ, ಉಕ್ಕು ಇನ್ನೊಂದು ಬಗೆಯಲ್ಲಿ ತುಕ್ಕು ಹಿಡಿಯುತ್ತದೆ. ಹೆಬ್ಬಾವಿನ ಮೈಯಂತೆ ಸುರುಳಿ ಸುರುಳಿ, ಬುಡದಿಂದ ತುದಿಯವರೆಗೆ. ನಾನು ಹುಟ್ಟಿದಾಗಿನಿಂದ ನೋಡಿದ ಕೋವಿಯಲ್ಲಿ ಇಂಥದೊಂದು ಇದೆಯೆಂದು ನನಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ ಎನಿಸುತ್ತದೆ. ಎಂಟು ಸುತ್ತು ಮುಗಿದ ಮೇಲೆ ಫೆರಿಕ್ ಕ್ಲೋರೈಡನ್ನು ತುಂಬ ನೀರು ಬೆರೆಸಿ ತೆಳುವಾಗಿಸಿ, ಕೆಲವೇ ಸೆಕೆಂಡು ಸವರಿ, ಕೂಡಲೇ ಅಡುಗೆ ಸೋಡಾದ ನೀರಿನಿಂದ ತಡೆದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸರ್ಕ್ಯೂಟ್ ಬೋರ್ಡಿಗೆಂದು ಮಾರುವ ವಸ್ತು ಅದು. ಬಿಳಿ ಗೆರೆ, ಕಪ್ಪು ಗೆರೆ ಬೇರೆಬೇರೆಯಾದವು. ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ದರೆ ಬಣ್ಣ ಪೂರ್ತಿ ಹೋಗುತ್ತಿತ್ತು. ಕೊನೆಯ ಬಾರಿ ಕುದಿಸಿ, ಬಿಸಿ ಇರುವಾಗಲೇ ಎಣ್ಣೆ ಸವರಿದೆ.

ಆಗ ಆಗಸ್ಟ್. ಅದೇ ಹುಮ್ಮಸ್ಸಿನಲ್ಲಿ ಮರದ ಹಿಡಿಗೂ ಕೈ ಹಾಕಿದ್ದು ತಪ್ಪು. ಅಕ್ರೋಟಿನ ಮರ, ಮೇಲೆ ಅಪ್ಪನ ಕಾಲದಲ್ಲಿ ಯಾರೋ ಬಾಗಿಲಿಗೆ ಹೊಡೆಯುವ ವಾರ್ನಿಷ್ ಬಳಿದಿದ್ದರು. ಅದನ್ನು ಪೇಂಟ್ ರಿಮೂವರ್‌ನಿಂದ ತೆಗೆದು, ಅಗಸೆ ಎಣ್ಣೆ ತಿಕ್ಕಿ ಇಟ್ಟೆ. ಒಂದು ವಾರ ಕಳೆದರೂ ಬೆಲ್ಲದ ಪಾಕದಂತೆ ಅಂಟು ಅಂಟು. ಅಗಸೆ ಎಣ್ಣೆ ಆರಲು ಗಾಳಿ, ಬಿಸಿಲು, ಒಣ ಹವೆ ಬೇಕು. ನಳಿಗೆಗೆ ವರವಾದ ಮಳೆ ಹಿಡಿಗೆ ಶಾಪ. ಟರ್ಪೆಂಟೈನ್ ಹಾಕಿ ಎಲ್ಲವನ್ನೂ ಒರೆಸಿ ತೆಗೆದು ಫೆಬ್ರುವರಿಯವರೆಗೆ ಸುಮ್ಮನಿದ್ದೆ.

ಮರದ ಕೆಲಸ ಸಲೀಸು, ತಾಳ್ಮೆ ಮಾತ್ರ ಬೇಕು. ಹಿಡಿಯ ಕೊರಳಿನಲ್ಲಿ ಕಪ್ಪಗೆ ಇಳಿದಿದ್ದ ಹಳೆಯ ಎಣ್ಣೆಯನ್ನು ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟಿನಲ್ಲಿ ಕಲಸಿ ಮೆತ್ತಿ ಹೀರಿಸಿದೆ. ತಗ್ಗಾದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ತಾಗಿಸಿದರೆ ಆವಿಗೆ ಮರದ ನಾರು ಉಬ್ಬಿ ತಗ್ಗು ಮೇಲೇಳುತ್ತದೆ. ನಾರೇ ಕಡಿದುಹೋದ ಗಾಯ ಏಳುವುದಿಲ್ಲ. ಚೌಕುಳಿ ಕೆತ್ತನೆಗೆ ಹಳೆಯ ಹಲ್ಲುಜ್ಜುವ ಬ್ರಷ್. ಬಣ್ಣಕ್ಕೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ರತನ್‌ಜೋತ್ ಬೇರನ್ನು ಅಗಸೆ ಎಣ್ಣೆಯಲ್ಲಿ ಹತ್ತು ದಿನ ನೆನೆಹಾಕಿದೆ, ಎಣ್ಣೆ ದಾಳಿಂಬೆ ರಸದ ಬಣ್ಣಕ್ಕೆ ತಿರುಗಿತು. ಹಳೆಯ ಇಂಗ್ಲಿಷ್ ಕೋವಿಗಳ ಹಿಡಿಗೆ ಕೆಂಪು ಛಾಯೆ ಬಂದದ್ದೂ ಇದೇ ಬಗೆಯ ಬೇರಿನಿಂದ. ನಾಲ್ಕು ಹನಿ ಅಂಗೈಗೆ ಹಾಕಿಕೊಂಡು, ಮರ ಬಿಸಿಯಾಗುವ ತನಕ ತಿಕ್ಕಿ, ಉಳಿದದ್ದನ್ನು ಒರೆಸಿ, ಮರುದಿನ ಮತ್ತೆ. ಇಪ್ಪತ್ತು ದಿನ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ಬಿಸಿಯಾಗಿ ಬಟ್ಟೆಗೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ನಾನು ನೀರಿನಲ್ಲಿ ಮುಳುಗಿಸಿಡುತ್ತಿದ್ದೆ.

ಹಿಡಿಯ ಅಡಿಯಲ್ಲಿ ಚಾಕುವಿನಿಂದ ಕೆತ್ತಿದ ಏಳು ಗೀರುಗಳಿದ್ದವು. ಯಾರದೋ, ಯಾವುದರದೋ ಲೆಕ್ಕ. ಅವುಗಳ ಮೇಲೆ ಇಸ್ತ್ರಿ ಇಡಲಿಲ್ಲ. ಹಳೆಯ ಕೋವಿಯನ್ನು ಕೊಳ್ಳುವವರು ಇಷ್ಟೆಲ್ಲ ಮಾಡಿದ್ದಕ್ಕೆ ಬೆಲೆ ಇಳಿಸುತ್ತಾರೆ, ಮೂಲ ಮೈ ಹೋಯಿತು ಎನ್ನುತ್ತಾರೆ. ಮೂಲ ಬಣ್ಣ ಸ್ವಲ್ಪ ಉಳಿದಿದ್ದರೂ ನಾನೂ ಎಣ್ಣೆ ಸವರಿ ಸುಮ್ಮನಾಗುತ್ತಿದ್ದೆ. ಉಳಿದಿದ್ದದ್ದು ಗೋಣಿಯ ಅಚ್ಚು ಮಾತ್ರ. ಕುದುರೆಗಳ ಬಳಿಯ ಲೋಹದ ಮೇಲೆ ಹಳೆಯ ಬೂದು ಛಾಯೆ ಇನ್ನೂ ಇತ್ತು, ಅಲ್ಲಿ ಏನನ್ನೂ ಮುಟ್ಟಲಿಲ್ಲ.

ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಬಂತು. ಕತ್ತಿಗಳ ಪಕ್ಕದಲ್ಲಿ ಕೋವಿಯನ್ನೂ ಇಟ್ಟು, ನಾವು ತೋಕ್ ಪೂ ಎನ್ನುವ ಗೌರಿ ಹೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸಿದೆವು. ಅವ್ವ ಗಂಧದ ಬಟ್ಟಲು ಹಿಡಿದು ಬಂದಳು. ಹಿಡಿಗೆ ಇಡು ಎಂದು ಹೇಳಲು ಬಾಯಿ ತೆರೆದಿದ್ದೆ. ಅವಳು ನಳಿಗೆಯ ಸುರುಳಿಗಳನ್ನು ತುಸು ನೋಡಿ, “ಲಂಡನ್ನಿನದೇ” ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಬುಡದಿಂದ ಒಂದು ಗೇಣು ಮುಂದಕ್ಕೆ, ಕುಳಿಗಳಿದ್ದ ಅದೇ ಜಾಗದಲ್ಲಿ ಬೊಟ್ಟು ಇಟ್ಟಳು. ಊಟ ಮುಗಿದು ಎಲ್ಲರೂ ತೆಂಗಿನಕಾಯಿಗೆ ಗುಂಡು ಹೊಡೆಯಲು ಮೈದಾನಕ್ಕೆ ಹೊರಟ ಮೇಲೆ ನಾನು ಹಿಂದೆ ಉಳಿದು, ಗಂಧವನ್ನು ಒರೆಸಿ, ಆ ಜಾಗಕ್ಕೆ ಮೂರು ಹನಿ ಎಣ್ಣೆ ಹಾಕಿದೆ.